ಊಟದ ಮೇಜಿನ ಕೋರ್ಟು

ಮಂಗಳವಾರ, ಜೂನ್ ಹನ್ನೊಂದು
ಅಂಗಡಿಯಿಂದ

ಪ್ರೀತಿಯ ತಕರಾರು,

...ಕುರ್ಚಿಗಳೇನೋ ಮರದವೇ, ಆದರೆ ಕೂರುವ ಜಾಗಕ್ಕೆ ಹಸಿರು ದಿಂಬು ಕಟ್ಟಿದ್ದಾರೆ. ನಿನ್ನೆ ಫೋನಿನಲ್ಲಿ ಇಷ್ಟು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಚಿಕ್ಕಮ್ಮನ ಅವಳಿಗಳಲ್ಲಿ ಯಾವುದೋ ಒಂದು ನಿನ್ನ ಕೈಯಿಂದ ಫೋನು ಕಿತ್ತುಕೊಂಡು "ಯಾರು ನೀನು?" ಎಂದು ನನ್ನನ್ನೇ ಕೇಳಿತು. "ನಾನು ನಿನ್ನ ದೊಡ್ಡಪ್ಪ ಕಣೋ" ಅಂದೆ. "ಅಲ್ಲ" ಎಂದು ಹೇಳಿ ಫೋನು ಇಟ್ಟುಬಿಟ್ಟಿತು. ಇಷ್ಟು ಚುಟುಕಾದ ತೀರ್ಪನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಆಮೇಲೆ ಎಷ್ಟು ಸಲ ಮಾಡಿದರೂ ಎಂಗೇಜ್. ಮಕ್ಕಳು ಫೋನನ್ನು ಎಲ್ಲಿ ಮುಳುಗಿಸಿದವೋ ಏನೋ.

ನೀನು ಚಿಕ್ಕಮ್ಮನ ಮನೆಗೆ ಹೋದ ದಿನವೇ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ತಡವಾಯಿತು, ಬೈಯಬೇಡ. ಹೊಸ ಕನ್ನಡಕದ ಫ್ರೇಮುಗಳ ಪೆಟ್ಟಿಗೆ ಬಂದಿತ್ತು, ಅದನ್ನು ಜೋಡಿಸುವುದರಲ್ಲಿ ಒಂದು ದಿನ ಹೋಯಿತು. ಆಮೇಲೆ ನಾನೇ ಊರಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದೆ ಎಂಬುದೇ ಈ ಕಾಗದದ ವಿಷಯ. ನಿನ್ನೆ ಫೋನಿನಲ್ಲಿ ಬರೀ ಬಾಲ ತೋರಿಸಿದೆ, ಪೂರ್ತಿ ಪ್ರಾಣಿ ಇಲ್ಲಿದೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ಹೇಳಬಹುದಿತ್ತು. ಆದರೆ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನಿನ್ನ ಪಾಟೀಸವಾಲು ಶುರುವಾಗುತ್ತದೆ. ಕಾಗದಕ್ಕೆ ಆ ಭಯವಿಲ್ಲ. ನೀನು ಎಷ್ಟೇ "ಅಪ್ಪಾ, ಒಂದ್ನಿಮಿಷ" ಅಂದರೂ ಅದು ತನ್ನ ಪಾಡಿಗೆ ಹೇಳಿಕೊಂಡು ಹೋಗುತ್ತದೆ.

ಮೊದಲು ಫ್ಯಾಕ್ಟ್ಸ್ ಆಫ್ ದ ಕೇಸ್. ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ನಿನ್ನಮ್ಮ ಅಷ್ಟು ವರ್ಷ ಕೋರ್ಟಿನಲ್ಲಿ ಕೂತು ಟೈಪು ಮಾಡಿದ ತೀರ್ಪುಗಳಲ್ಲಿ, ಸಂಗತಿಗಳನ್ನು ಮೊದಲು ಹೇಳದ ತೀರ್ಪು ಒಂದೂ ಇರಲಿಲ್ಲವಂತೆ. ಇದ್ದಿದ್ದರೆ ಅವಳೇ ಜಡ್ಜಿಗೆ ವಾಪಸು ಕಳಿಸುತ್ತಿದ್ದಳು, ನನಗೆ ಅದರಲ್ಲಿ ಅನುಮಾನವಿಲ್ಲ.

ಸಂಗತಿ ಏನೆಂದರೆ, ನಿನಗೆ ಎರಡು ಕಡೆ ಕಾನೂನು ಪದವಿಗೆ ಸೀಟು ಸಿಕ್ಕಿದೆ. ಒಂದು ಸೇತುವೆಯಾಚೆಯ ವಿಶ್ವವಿದ್ಯಾಲಯ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಮನೆಗೆ ಬಂದು ನನ್ನ ಕೈಯ ಚಹಾ ಕುಡಿಯಬಹುದು. ಇನ್ನೊಂದು ಗುಡ್ಡದ ಮೇಲಿನದು. ರಾತ್ರಿ ರೈಲು ಹತ್ತಿದರೆ ಬೆಳಗಾಗುವಾಗ ಸಿಗುವ ಊರು. ಹಾಸ್ಟೆಲ್ಲು, ಐದು ವರ್ಷ, ರಜೆಗೆ ಮಾತ್ರ ಮನೆ. ಯಾವುದೆಂದು ಈ ಶುಕ್ರವಾರ ಸಂಜೆಯೊಳಗೆ ತಿಳಿಸಬೇಕು. ತಿಳಿಸದಿದ್ದರೆ ಎರಡೂ ಕೈಬಿಟ್ಟು ಹೋಗುತ್ತವೆ, ಆಮೇಲೆ ನೀನು ನನ್ನ ಜೊತೆ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಾ ಕೂರಬೇಕು.

ಇನ್ನು ಹೋದ ಭಾನುವಾರದ ಹಿಂದಿನ ಭಾನುವಾರ. ನೀನು ಊಟದ ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಎತ್ತಿಟ್ಟು, ಬಟ್ಟೆಯಿಂದ ಒರೆಸಿ, ಮೂರು ಕುರ್ಚಿ ಎಳೆದೆ. ನನಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ನೀನು ಸೌಟು ತಂದು ಮೂರನೆಯ ಕುರ್ಚಿಯ ಮುಂದೆ ಇಟ್ಟಾಗ ಅರ್ಥವಾಯಿತು. ನಿನ್ನಮ್ಮ ಹೋದಮೇಲೆ ನಮ್ಮ ಊಟದ ಮೇಜಿನ ಕೋರ್ಟು ಕೂತೇ ಇರಲಿಲ್ಲವಲ್ಲ. ಅವಳ ಆ ವಿಚಿತ್ರ ನಿಯಮ ನಿನಗೆ ನೆನಪಿದೆಯೋ ಇಲ್ಲವೋ ಎಂದುಕೊಂಡೆ.

"ನಿಯಮ ಅದೇ ಅಪ್ಪ," ಅಂದೆ ನೀನು. "ಯಾರಿಗೆ ಏನು ಬೇಕೋ, ಅವರು ಅದರ ವಿರುದ್ಧ ವಾದ ಮಾಡಬೇಕು."

ಎಂಥಾ ನಿಯಮ ಮಾಡಿಟ್ಟು ಹೋದಳು ನೋಡು. ಕೋರ್ಟಿನಲ್ಲಿ ದಿನವಿಡೀ ಜನ ತಮ್ಮ ತಮ್ಮ ಪಕ್ಷವನ್ನೇ ಹೇಳಿಕೊಳ್ಳುವುದನ್ನು ಟೈಪು ಮಾಡಿ ಮಾಡಿ ಅವಳಿಗೆ ಸಾಕಾಗಿತ್ತಂತೆ. "ಮನೇಲಾದ್ರೂ ಇನ್ನೊಬ್ರ ಚಪ್ಪಲೀಲಿ ಕಾಲಿಟ್ಟು ಮಾತಾಡಿ ರೀ" ಅನ್ನುತ್ತಿದ್ದಳು. ಗೋಡೆಗೆ ಹಳದಿ ಬಣ್ಣ ಬೇಕೆಂದ ನಾನು ಹಳದಿಯನ್ನು ಬಾಯಿಗೆ ಬಂದಂತೆ ಬೈಯಬೇಕು; ಬೇಡವೆಂದ ಅವಳು ಹಳದಿಯನ್ನು ಹೊಗಳಬೇಕು. ಸೌಟು ಹಿಡಿದವರು ತೀರ್ಪು ಕೊಟ್ಟಮೇಲೆ ಮೇಲ್ಮನವಿ ಇಲ್ಲ.

ನಿನ್ನ ಬೆಕ್ಕಿನ ಕೇಸು ನೆನಪಿದೆಯೇ? ನಿನಗೆ ಆಗ ಆರೋ ಏಳೋ. ಬೆಕ್ಕು ಬೇಕೇ ಬೇಕೆಂದು ಹಟ ಹಿಡಿದೆ. ಅಮ್ಮ ನಿನ್ನನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಬೆಕ್ಕು ಯಾಕೆ ಬೇಡ ಹೇಳು ಅಂದಳು. ನೀನು ಶುರು ಮಾಡಿದೆ. ಹಾಲು ಕುಡಿಯುತ್ತೆ, ಪರದೆ ಹರಿಯುತ್ತೆ, ಕೊನೆಗೆ ಒಂದು ದಿನ ಸತ್ತುಹೋಗುತ್ತೆ. ಅಷ್ಟು ಹೇಳಿ ನೀನೇ ಗೋಳೋ ಎಂದು ಅತ್ತು, "ನಂಗೆ ಬೇಡಾ ಬೆಕ್ಕು" ಎಂದು ಕೂತುಬಿಟ್ಟೆ. ಅತ್ತ ಬೆಕ್ಕಿನ ಪರವಾಗಿ ಮಾತಾಡಿದ ಅಮ್ಮನಿಗೆ ತನ್ನ ವಾದವೇ ತಲೆಗೆ ಹತ್ತಿ, ಮಾರನೆಯ ದಿನ ಕೋರ್ಟಿನ ಹಿಂಬಾಗಿಲಲ್ಲಿ ಸಿಕ್ಕ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ಪ್ರತಿವಾದಿ ಎಂದು ಹೆಸರಿಟ್ಟವಳೂ ಅವಳೇ. ಪ್ರತಿವಾದಿ ಈಗ ಈ ಕಾಗದದ ಮೇಲುಗಡೆಯ ಮೂಲೆಯಲ್ಲೇ ಮಲಗಿದೆ. ಅಲ್ಲಿ ಶಾಯಿ ಕದಡಿದ್ದರೆ ಅದು ಕಣ್ಣೀರಲ್ಲ, ಬೆಕ್ಕಿನ ಬಾಲ.

ಎಲ್ಲಿದ್ದೆ? ಹೌದು, ಮೂರನೆಯ ಕುರ್ಚಿ. ನಮ್ಮಿಬ್ಬರಲ್ಲಿ ಯಾರೂ ಸೌಟು ಹಿಡಿಯುವಂತಿರಲಿಲ್ಲ. ಅದಕ್ಕೆ ನೀನು ಮಹಡಿಗೆ ಓಡಿಹೋಗಿ ಹಲ್ಲಿನ ಡಾಕ್ಟರನ್ನು ಕರೆತಂದೆ. ಪಾಪದ ಮನುಷ್ಯ. ಭಾನುವಾರದ ನಿದ್ದೆಯಿಂದ ಎದ್ದು ಬಂದು ಸೌಟು ಹಿಡಿದು ಕೂತರು. ನಿಯಮವನ್ನು ಅವರಿಗೆ ಹೇಳಿದೆಯೇ ಅಂತ ನಾನು ನಿನ್ನನ್ನು ಕೇಳಲಿಲ್ಲ, ನೀನೂ ನನ್ನನ್ನು ಕೇಳಲಿಲ್ಲ. ಆ ಮನುಷ್ಯನಿಗೆ ಏನೂ ಗೊತ್ತಿರಲಿಲ್ಲ!

ನೀನು ಎದ್ದು ನಿಂತು ಸೇತುವೆಯಾಚೆಯದರ ಪರವಾಗಿ ಹೇಳಿದೆ. ಅಂದರೆ ನಿನ್ನ ಮನಸ್ಸಿನಲ್ಲಿ ಗುಡ್ಡ. ನಾನು ಎದ್ದು ಗುಡ್ಡದ ಪರವಾಗಿ ಹೇಳಿದೆ. ಅಂದರೆ ನನ್ನ ಮನಸ್ಸಿನಲ್ಲಿ ಸೇತುವೆ. ನಿನ್ನ ವಾದ ಕೇಳಿ ನಾನು ಬೆರಗಾದೆ ಕಣೇ. "ಅಲ್ಲಿ ಕ್ಲಾಸು ಮುಗಿದ ಕೂಡಲೇ ರಸ್ತೆ ದಾಟಿದ್ರೆ ನಿಜವಾದ ಕೋರ್ಟು. ಪುಸ್ತಕದಲ್ಲಿರೋ ಜಗಳ ಮಧ್ಯಾಹ್ನದ ಹೊತ್ತಿಗೆ ಕಣ್ಣೆದುರಿಗೇ ನಡೀತಿರುತ್ತೆ" ಅಂದೆಯಲ್ಲ, ನಾನೇ ಚಪ್ಪಾಳೆ ತಟ್ಟುವವನಿದ್ದೆ. ನಾನೂ ಬಿಡಲಿಲ್ಲ. ಮರೆತಿದ್ದ ಕಾಲೇಜಿನ ಇಂಗ್ಲಿಷನ್ನೆಲ್ಲ ಅಟ್ಟದಿಂದ ಇಳಿಸಿದೆ. ದೇರ್‌ಫೋರ್ ಅಂದೆ, ಇನ್ ಅದರ್ ವರ್ಡ್ಸ್ ಅಂದೆ, ನಾಟ್‌ವಿತ್‌ಸ್ಟ್ಯಾಂಡಿಂಗ್ ಅಂತ ಎರಡು ಸಲ ಅಂದೆ. ಅದನ್ನು ಎಲ್ಲಿ ಹಾಕಬೇಕೆಂದು ಈಗ ಸರಿಯಾಗಿ ನೆನಪಿಲ್ಲ, ಆದರೆ ಹಾಕಿದ ಕಡೆ ಗಟ್ಟಿಯಾಗಿ ಕೂರುವ ಪದ. "ಮನೆಯಿಂದ ದೂರ ಹೋಗದ ಮಕ್ಕಳು ಅಪ್ಪನ ಧ್ವನಿಯಲ್ಲೇ ವಾದ ಮಾಡ್ತಾರೆ, ಸ್ವಾಮೀ" ಎಂದು ಮುಗಿಸಿದೆ.

ಡಾಕ್ಟರು ನನ್ನ ಮುಖವನ್ನೇ ನೋಡಿದರು. "ಯಜಮಾನ್ರೇ, ನಿಮ್ಮ ಬಗ್ಗೆ ನಾನು ಹೀಗೆ ಅಂದ್ಕೊಂಡಿರ್ಲಿಲ್ಲ" ಅಂದರು. "ಹುಡುಗಿ ಮನೇಲಿರ್ತೀನಿ ಅಂತ ಅಷ್ಟು ಚೆನ್ನಾಗಿ ಕೇಳ್ಕೊಳ್ತಿದೆ. ನೀವು ಓಡಿಸೋಕೆ ನೋಡ್ತಿದೀರಲ್ಲ? ಸೇತುವೆಯಾಚೇದೇ ಸರಿ!" ಸೌಟಿನಿಂದ ಮೇಜಿಗೆ ಒಂದು ಬಿಟ್ಟು ಎದ್ದು ಹೋದರು.

ನೀನು ತುಟಿ ಕಚ್ಚಿ "ತೀರ್ಪು ಅಂದ್ರೆ ತೀರ್ಪು" ಅಂದೆ. ಮಾರನೆಯ ದಿನ ಚಿಕ್ಕಮ್ಮ ಹೊಸ ಮನೆಗೆ ಸಾಮಾನು ಸಾಗಿಸುವುದಕ್ಕೆ ಸಹಾಯ ಬೇಕೆಂದಿದ್ದಾಳೆ ಅಂತ ಹೊರಟುಬಿಟ್ಟೆ. ನಾನು? ನಾಚಿಕೆ ಬಿಟ್ಟು ಬರೆಯುತ್ತೇನೆ, ನನಗೆ ಖುಷಿಯೋ ಖುಷಿ. ಸೋತು ಗೆದ್ದವನು ನಾನು. ಆ ದಿನ ಅಂಗಡಿಗೆ ಬಂದವರಿಗೆಲ್ಲ ಕನ್ನಡಕ ಒರೆಸುವ ಬಟ್ಟೆ ಸುಮ್ಮನೆ ಕೊಟ್ಟೆ. ಡಾಕ್ಟರು ಮಾತ್ರ ಮೆಟ್ಟಿಲ ಮೇಲೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ನಿಯಮ ವಿವರಿಸೋಣವೆಂದು ಒಂದು ಸಲ ತಡೆದು ನಿಲ್ಲಿಸಿದೆ. ಪೂರ್ತಿ ಕೇಳಿ, "ಹಾಗಾದ್ರೆ ನಾನು ಆ ಹುಡುಗೀಗೆ ಬೇಡದ್ದನ್ನ ಕೊಟ್ಟೆನಾ?" ಎಂದು ಗೋಡೆ ಹಿಡಿದು ನಿಂತರು. "ಒಳ್ಳೇ ಹಲ್ಲು ಕಿತ್ತ ಹಾಗಾಯ್ತಲ್ರೀ!" ಆವತ್ತಿನಿಂದ ಅವರಿಗೂ ಸಮಾಧಾನವಿಲ್ಲ. ದಿನಾ ಬೆಳಿಗ್ಗೆ "ಏನಾಯ್ತು ಕೇಸು?" ಅನ್ನುತ್ತಾರೆ.

ಆದರೆ ನನ್ನ ಖುಷಿಯೂ ವಾರ ಬಾಳಲಿಲ್ಲ. ಬುಧವಾರ ಒಬ್ಬ ಹೆಂಗಸು ಕಣ್ಣು ತೋರಿಸಲು ಬಂದಿದ್ದಳು. ಮಗ ಕಾನೂನು ಓದುತ್ತಾನಂತೆ, ಎಲ್ಲಿಗೆ ಸೇರಿಸಲಿ ಅಂದಳು. ನಾನು ಅವಳ ಮೂಗಿನ ಮೇಲೆ ಟ್ರಯಲ್ ಫ್ರೇಮು ಇಟ್ಟು, ಗಾಜು ಬದಲಿಸುವುದನ್ನೇ ಮರೆತು, ಗುಡ್ಡದ ಮೇಲಿನ ವಿಶ್ವವಿದ್ಯಾಲಯವನ್ನು ಹೊಗಳುತ್ತಾ ನಿಂತುಬಿಟ್ಟೆ! ಭಾನುವಾರದ ನನ್ನ ವಾದವೇ, ಒಂದಕ್ಷರ ಬಿಡದೆ. ಆದರೆ ಈ ಸಲ ಬಾಯಿಂದಲ್ಲ, ಹೊಟ್ಟೆಯೊಳಗಿಂದ ಬರುತ್ತಿತ್ತು. ಆ ಹೆಂಗಸು ಕೊನೆಗೆ "ಅದೆಲ್ಲ ಸರಿ, ನನಗೆ ಏನೂ ಕಾಣಿಸ್ತಿಲ್ಲ" ಅಂದಳು.

ಬೆಕ್ಕಿನ ಕೇಸೇ ಮತ್ತೆ! ನನ್ನ ವಾದ ನನಗೇ ಹತ್ತಿತ್ತು. ಮತ್ತೆ ನಿನ್ನೆ ಫೋನಿನಲ್ಲಿ ನೀನು ಏನಂದೆ? "ಅಪ್ಪ, ತೀರ್ಪಿಗೋಸ್ಕರ ಅಲ್ಲ, ನನಗೀಗ ನಿಜವಾಗ್ಲೂ ಸೇತುವೆಯಾಚೇದೇ ಬೇಕು ಅನ್ನಿಸ್ತಿದೆ." ನಿನ್ನ ವಾದ ನಿನಗೆ ಹತ್ತಿದೆ. ನಾವಿಬ್ಬರೂ ಒಂದೇ ಮೆಟ್ಟಿಲ ಮೇಲೆ ಎದುರುಬದುರಾಗಿ ಹಾದುಹೋದ ಹಾಗಾಯಿತು, ನೀನು ಕೆಳಗೆ, ನಾನು ಮೇಲೆ. ಈಗ ನಿಯಮದ ಪ್ರಕಾರ ಮತ್ತೆ ಕೋರ್ಟು ಕೂತರೆ ನಾನು ಸೇತುವೆಯ ಪರ, ನೀನು ಗುಡ್ಡದ ಪರ. ಸಂಜೆಯ ಹೊತ್ತಿಗೆ ಮತ್ತೆ ಅದಲುಬದಲು. ಶುಕ್ರವಾರದ ಹೊತ್ತಿಗೆ ಡಾಕ್ಟರಿಗೇ ಹುಚ್ಚು ಹಿಡಿಯುತ್ತದೆ.

ನಿನ್ನೆ ನೀನು ಹಾಗೆ ಹೇಳುವ ಮೊದಲೇ ನಾನು ಒಂದು ಕೆಲಸ ಮಾಡಿ ಮುಗಿಸಿದ್ದೆ. ಬಾಯಿಮಾತಿನ ವಾದ ಸಾಕು, ಕಣ್ಣಾರೆ ನೋಡಿಬರೋಣ ಅಂತ ಅಂಗಡಿಗೆ ಬೀಗ ಹಾಕಿ ಎರಡೂ ಕಡೆ ಹೋಗಿಬಂದೆ.

ಗುರುವಾರ ಸೇತುವೆಯಾಚೆ. ಕಟ್ಟಡ ಹಳೆಯದು, ಮೆಟ್ಟಿಲುಗಳು ನಡುವೆ ಸವೆದು ಗುಳಿ ಬಿದ್ದಿವೆ. ನಡೆದ ಕಾಲುಗಳು ಎಷ್ಟಿರಬೇಕು. ಕೆಳಗೆ ಒಂದು ಕೋಣೆಯ ಮುಂದೆ ಬೆಂಚು, ಬೆಂಚಿನ ತುಂಬ ಜನ. ಯಾವುದೋ ಕ್ಲಾಸಿರಬೇಕೆಂದು ನಾನೂ ಕೂತೆ. ನನ್ನ ಸರದಿ ಬಂದು ಒಳಗೆ ಹೋದ ಮೇಲೆ ಗೊತ್ತಾಯಿತು, ಅದು ಉಚಿತ ಕಾನೂನು ಸಲಹೆಯ ಕೋಣೆ. ಮೇಜಿನ ಹಿಂದೆ ನಿನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದಾದ ಹುಡುಗಿ, ಜಡೆಗೆ ಪೆನ್ನು ಸಿಕ್ಕಿಸಿಕೊಂಡಿದ್ದಳು.

"ಕೂತ್ಕೊಳ್ಳಿ ಅಂಕಲ್. ಎದುರು ಪಕ್ಷ ಯಾರು?"

ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಅಷ್ಟು ಹೊತ್ತು ಕಾದಿದ್ದೇನಲ್ಲ. "ನನ್ನ ಮಗಳು" ಅಂದೆ.

"ಆಸ್ತಿ ವಿಷಯಾನಾ?"

"ಅಲ್ಲಮ್ಮ. ಅವಳು ತೀರ್ಪು ಅಂದ್ರೆ ತೀರ್ಪು ಅಂತ ಒಪ್ಕೊಂಡುಬಿಟ್ಟಿದಾಳೆ."

ಅವಳು ಜಡೆಯಿಂದ ತೆಗೆದ ಪೆನ್ನನ್ನು ಮೇಜಿನ ಮೇಲಿಟ್ಟಳು. "ಒಪ್ಕೊಂಡಿರೋದು ನಿಮ್ಮ ಕಂಪ್ಲೇಂಟಾ?"

ಎಲ್ಲ ಹೇಳಿದೆ. ಸೌಟು, ಡಾಕ್ಟರು, ಬೆಕ್ಕು, ಯಾವುದನ್ನೂ ಬಿಡಲಿಲ್ಲ. ಆ ಹುಡುಗಿ ಒಂದು ಸಲವೂ ಗಡಿಯಾರ ನೋಡಲಿಲ್ಲ. ಕೊನೆಗೆ ಕೇಳಿದಳು, "ಮಗಳಿಗೆ ಹದಿನೆಂಟು ತುಂಬಿದೆಯಾ?"

"ತುಂಬಿದೆ."

"ಹಾಗಾದ್ರೆ ಇದ್ರಲ್ಲಿ ನಿಮ್ಮದೇನೂ ಅಧಿಕಾರ ಇಲ್ಲ ಅಂಕಲ್. ಇಷ್ಟ ಅಂತ ಒಂದು ಇರುತ್ತಲ್ಲ, ಅದನ್ನ ಹೇಳ್ಕೋಬಹುದು. ಹೇಳಿದೀರಾ?"

"ಇಲ್ಲ."

"ಯಾಕೆ?"

"ನಮ್ಮನೇಲಿ ಹಾಗೆ ಹೇಳೋ ಪದ್ಧತಿ ಇಲ್ಲಮ್ಮ."

ಅವಳ ಕನ್ನಡಕದ ಒಂದು ಕಾಲು ಸಡಿಲವಾಗಿ ಜಾರುತ್ತಿತ್ತು. ಜೇಬಿನ ಸಣ್ಣ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿಕೊಟ್ಟೆ. "ಫೀಸು ಸಲ್ಲಿಕೆಯಾಯ್ತು" ಎಂದು ನಕ್ಕಳು. ಹೊರಗೆ ಬಂದಾಗ ನನಗೆ ಅನ್ನಿಸಿದ್ದು ಇಷ್ಟೇ: ನನ್ನ ತಕರಾರು ಈ ಮೇಜಿನ ಹಿಂದೆ ಕೂತರೆ ಎಷ್ಟು ಚೆನ್ನಾಗಿರುತ್ತದೆ! ಗುಡ್ಡವನ್ನು ಆ ಕ್ಷಣವೇ ಕೈಬಿಟ್ಟೆ.

ಶುಕ್ರವಾರ ರಾತ್ರಿಯ ರೈಲಿಗೆ ಟಿಕೆಟು ತೆಗೆದಾಗಿತ್ತು ಅನ್ನುವ ಕಾರಣಕ್ಕಷ್ಟೇ ಗುಡ್ಡಕ್ಕೆ ಹೋದೆ, ನೋಡಿ ಮೂಗು ಮುರಿದು ಬರೋಣ ಅಂತ. ಮೂಗು ಮುರಿಯಲು ಏನೂ ಸಿಗಲಿಲ್ಲ. ಏರು ದಾರಿ ಮಾತ್ರ ನನ್ನ ಮೊಣಕಾಲನ್ನು ಮುರಿಯಿತು. ಶನಿವಾರವಾದರೂ ಪಾಠ ನಡೆಯುತ್ತಿತ್ತು. ಒಂದು ತರಗತಿಯ ಬಾಗಿಲು ತೆರೆದಿತ್ತು, ಹಿಂದಿನ ಬೆಂಚಿನಲ್ಲಿ ಜಾಗವಿತ್ತು, ಏದುಸಿರು ಬಿಡುತ್ತಾ ಕೂತೆ. ಮೇಷ್ಟರು ಚಾಳೀಸಿನ ಮೇಲಿಂದ ನೋಡಿ, "ಯೆಸ್, ದ ಜಂಟಲ್‌ಮನ್ ಅಟ್ ದ ಬ್ಯಾಕ್?" ಅನ್ನಬೇಕೇ!

ಕಾಲೇಜಿನ ದಿನಗಳ ಹಾಗೆ ತಟ್ಟನೆ ಎದ್ದು ನಿಂತೆ. "ಸರ್, ಐ ಆಮ್ ನಾಟ್ ಸ್ಟೂಡೆಂಟ್. ಐ ಆಮ್ ಓನ್ಲಿ ಫಾದರ್. ನಾಟ್‌ವಿತ್‌ಸ್ಟ್ಯಾಂಡಿಂಗ್ ದಟ್, ಐ ಅಗ್ರೀ."

"ವಿತ್ ವಿಚ್ ಸೈಡ್?"

"ಬೋತ್ ಸೈಡ್ಸ್, ಸರ್."

ಇಡೀ ತರಗತಿ ಬೆಂಚು ಬಡಿದು ನಕ್ಕಿತು. ಮೇಷ್ಟರೂ ನಕ್ಕರು. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಇವರಿಗೆಲ್ಲ ಅದನ್ನ ಕಲಿಸೋಕೇ ನನಗೆ ಐದು ವರ್ಷ ಬೇಕು" ಅಂದರು.

ಆಮೇಲೆ ಅದೇ ಕೋಣೆಯಲ್ಲಿ ಅಭ್ಯಾಸದ ಕೋರ್ಟು ನಡೆಯಿತು. ಒಬ್ಬ ಹುಡುಗ ಬಾಡಿಗೆದಾರನ ಪರ ಟಿಪ್ಪಣಿ ಹಿಡಿದು ಸಜ್ಜಾಗಿ ನಿಂತಿದ್ದ. ಇನ್ನೇನು ಬಾಯಿ ತೆರೆಯಬೇಕು, ಮೇಷ್ಟರು "ಈಗ ಮನೆ ಮಾಲೀಕನ ಪರ ಮಾತಾಡು" ಅಂದುಬಿಟ್ಟರು. ಹುಡುಗ ಬೆವರಿದ, ತೊದಲಿದ, ಆಮೇಲೆ ನಿಧಾನಕ್ಕೆ ಅವನ ಮುಖದಲ್ಲೇ ಮನೆ ಮಾಲೀಕನೊಬ್ಬ ಹುಟ್ಟಿಕೊಂಡ. ಮಗಳೇ, ನಮ್ಮ ಊಟದ ಮೇಜು! ನಿನ್ನಮ್ಮ ಸೌಟು ಹಿಡಿದು ಆ ಮೇಷ್ಟರ ಪಕ್ಕದಲ್ಲಿ ಕೂತಿದ್ದರೂ ನನಗೆ ಆಶ್ಚರ್ಯವಾಗುತ್ತಿರಲಿಲ್ಲ.

ಹೊರಡುವ ಮೊದಲು ಲೈಬ್ರರಿಗೆ ಹೋದೆ. ಹಸಿರು ದಿಂಬಿನ ಕುರ್ಚಿಗಳ ಸಾಲು, ಎತ್ತರದ ಕಿಟಕಿ, ಕಿಟಕಿಯಾಚೆ ಇಳಿಜಾರು, ಅದರ ಕೆಳಗೆ ರೈಲು ಕಡ್ಡಿಪೆಟ್ಟಿಗೆಯಷ್ಟು ಚಿಕ್ಕದಾಗಿ ಹೋಗುತ್ತದೆ. ಕಿಟಕಿಯ ಪಕ್ಕದ ಕುರ್ಚಿಯೊಂದು ಖಾಲಿ ಇತ್ತು. ಅದರ ಎದುರಿನದರಲ್ಲಿ ಕೂತೆ. ಲೈಬ್ರರಿಯಮ್ಮ ಬಂದು ಮೆಲ್ಲಗೆ ಕೇಳಿದರು, "ಯಾರಿಗಾದ್ರೂ ಕಾಯ್ತಿದೀರಾ?"

"ಮಗಳಿಗೆ."

"ಯಾವ ವರ್ಷ?"

"ಇನ್ನೂ ಬಂದಿಲ್ಲ" ಅಂದೆ. ಅವರು ಏನು ತಿಳಿದುಕೊಂಡರೋ, ಒಂದು ಲೋಟ ನೀರು ತಂದಿಟ್ಟು ಹೋದರು.

ಇಷ್ಟು ನೋಡಿಬಂದು ನಾನು ಏನು ತೀರ್ಮಾನಕ್ಕೆ ಬಂದೆ? ಏನಿಲ್ಲ. ಎರಡೂ ಒಳ್ಳೆಯವು. ಒಂದರಲ್ಲಿ ನಿಜವಾದ ಜನ ಬೆಂಚಿನ ಮೇಲೆ ಕಾಯುತ್ತಾರೆ, ಇನ್ನೊಂದರಲ್ಲಿ ನಿನ್ನಮ್ಮನ ಕೋರ್ಟು ದಿನಾ ಕೂರುತ್ತದೆ. ನನ್ನ ಕಸುಬಿನ ಒಂದು ಮಾತು ಹೇಳುತ್ತೇನೆ. ಕಣ್ಣಿನ ಮುಂದೆ ಒಂದು ಗಾಜು ಇಟ್ಟು, ಆಮೇಲೆ ಇನ್ನೊಂದು ಇಟ್ಟು, "ಇದು ಚೆನ್ನಾಗಿದೆಯಾ, ಅದಾ?" ಅಂತ ಕೇಳುತ್ತೇನಲ್ಲ, ಕೆಲವರು "ಎರಡೂ ಒಂದೇ ಥರ ಕಾಣ್ತಿದೆ" ಎಂದು ಗಾಬರಿಯಾಗುತ್ತಾರೆ, ತಪ್ಪು ಉತ್ತರ ಕೊಟ್ಟೆವೋ ಅಂತ. ತಪ್ಪಲ್ಲ. ಎರಡೂ ಒಂದೇ ಅನ್ನಿಸಿದರೆ ನಂಬರಿನ ಹತ್ತಿರ ಬಂದೆವು ಅಂತ ಅರ್ಥ. ಗಾಬರಿ ಪಡುವ ದಾರಿ ಮುಗಿಯಿತು, ಇನ್ನು ಯಾವುದು ಹಾಕಿಕೊಂಡರೂ ಅಕ್ಷರ ಕಾಣುತ್ತದೆ.

ಆದರೆ ಇನ್ನೊಂದು ಥರದವರಿದ್ದಾರೆ. ಎರಡೂ ಒಂದೇ ಅನ್ನುತ್ತಾರೆ, ಕುರ್ಚಿಯಿಂದ ಏಳುತ್ತಾರೆ, ಬಾಗಿಲ ತನಕ ಹೋಗಿ ತಿರುಗಿ ಬಂದು "ಆ ಮೊದಲಿಂದು ಇನ್ನೊಂದ್ಸಲ ತೋರಿಸ್ತೀರಾ?" ಅನ್ನುತ್ತಾರೆ. ಅವರಿಗೆ ನಾನು ತೋರಿಸುವುದೇ ಇಲ್ಲ, ಸೀದಾ ಮೊದಲನೆಯದನ್ನೇ ಬರೆದುಕೊಳ್ಳುತ್ತೇನೆ.

ನಿನ್ನೆ ಸೇತುವೆಯಾಚೆಯದೇ ಬೇಕು ಎಂದು ನೀನು ಗಟ್ಟಿಯಾಗಿ ಹೇಳಿದೆ. ಆಮೇಲೆ ಕೇಳಿದೆ, "ಅಪ್ಪ, ಸುಮ್ನೆ ಕೇಳ್ತಿದೀನಿ ಅಷ್ಟೇ, ಗುಡ್ಡದ ಲೈಬ್ರರಿಯ ಕುರ್ಚಿಗಳು ಹೇಗಿದಾವೆ?"

ನಾನು ಏನೂ ಬರೆದುಕೊಂಡಿಲ್ಲ. ಬರೆದುಕೊಳ್ಳುವವಳು ನೀನು. ಡಾಕ್ಟರ ತೀರ್ಪನ್ನು ಈ ಮೂಲಕ ರದ್ದು ಮಾಡಲಾಗಿದೆ. ಅವರೇ ಸೌಟು ವಾಪಸು ತಂದುಕೊಟ್ಟು "ನನ್ನಿಂದಾಗಲ್ಲ ಸಾರ್" ಅಂದಿದ್ದಾರೆ.

ಚಿಕ್ಕಮ್ಮನಿಗೆ ನಾನು ವಿಚಾರಿಸಿದೆನೆಂದು ಹೇಳು, ಸಾಮಾನು ಎತ್ತುವಾಗ ಸೊಂಟ ಬಗ್ಗಿಸಬೇಡ ಅಂತಲೂ ಹೇಳು. ಅವಳಿಗಳಿಗೆ, ನಾನು ಅವರ ದೊಡ್ಡಪ್ಪನೇ ಎಂಬುದಕ್ಕೆ ಸಾಕ್ಷಿ ಸಮೇತ ಬರುತ್ತೇನೆಂದು ತಿಳಿಸು. ನೀನು ಎಲ್ಲೇ ನಿಂತು ಮಾತಾಡು, ನಿನ್ನ ಧ್ವನಿ ಕೊನೆಯ ಬೆಂಚಿನವರೆಗೂ ಕೇಳಲಿ. ಎದುರಿಗಿರುವವನ ಮಾತು ಅದಕ್ಕಿಂತ ಚೆನ್ನಾಗಿ ನಿನಗೆ ಕೇಳಲಿ. ಚೆನ್ನಾಗಿ ಉಣ್ಣು, ನಗುತ್ತಾ ಇರು, ನೂರು ವರ್ಷ ತಕರಾರು ಮಾಡಿಕೊಂಡು ಬಾಳು.

ನಿನ್ನ ಪ್ರೀತಿಯ
ಅಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮರೆತಿರಲಿಲ್ಲ, ಬರೆಯುವುದೋ ಬೇಡವೋ ಅಂತಿದ್ದೆ.

ನಮ್ಮನೆಯ ಕೋರ್ಟು ಕೊನೆಯ ಸಲ ಕೂತಿದ್ದು ಊಟದ ಮೇಜಿನ ಮೇಲಲ್ಲ, ಆಸ್ಪತ್ರೆಯಲ್ಲಿ. ನೀನು ಸ್ಕೂಲಿಗೆ ಹೋಗಿದ್ದೆ. ಎರಡನೆಯ ಆಪರೇಷನ್ ಮಾಡಿಸಬಹುದು, ಮಾಡಿಸದೆಯೂ ಇರಬಹುದು, ಯಾವುದರಿಂದ ಎಷ್ಟು ದಿನವೆಂದು ಯಾರೂ ಹೇಳಲಾರರು ಎಂದು ದೊಡ್ಡ ಡಾಕ್ಟರು ಹೇಳಿ ಹೋದರು. ನಿನ್ನಮ್ಮ ಹಾಸಿಗೆಯ ಮೇಲೆ ದಿಂಬಿಗೊರಗಿ, ಔಷಧಿಯ ಚಮಚ ಎತ್ತಿಕೊಂಡು, "ಕೂರಿಸಿ ರೀ ಕೋರ್ಟು" ಅಂದಳು. ಕಣ್ಣಲ್ಲಿ ಅದೇ ತುಂಟತನ.

ನನಗೆ ಆಪರೇಷನ್ ಬೇಕಿತ್ತು. ಆದ್ದರಿಂದ ಬೇಡವೆಂದು ವಾದಿಸಿದೆ. ಮನೆ, ಕಿಟಕಿ, ನೀನು, ಬೆಕ್ಕು, ನೋವಿಲ್ಲದ ಸಂಜೆಗಳು. ಆವತ್ತು ಯಾಕೋ ಮಾತು ತಡೆಯಿಲ್ಲದೆ ಬಂತು. ಅವಳು ಬೇಕೆಂದು ವಾದಿಸಿದಳು, ಆದರೆ ಎರಡೇ ಮಾತು. ಆಮೇಲೆ ಚಮಚ ತಟ್ಟಿ "ನೀವೇ ಗೆದ್ರಿ. ಮನೆಗೆ ಹೋಗೋಣ" ಅಂದಳು. ಬಂದೆವು. ಆ ಕೊನೆಯ ಬೇಸಿಗೆ ನಾವು ಮೂವರೂ ಎಷ್ಟು ನಕ್ಕೆವು, ನಿನಗೆ ನೆನಪಿದೆ. ತೀರ್ಪು ತಪ್ಪೆಂದು ನಾನು ಹೇಳುತ್ತಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ.

ಆದರೆ "ನೀನು ನನಗೆ ಬೇಕು, ಇರು" ಎಂಬ ಒಂದು ಮಾತನ್ನು ನಾನು ನೇರವಾಗಿ ಹೇಳಲಿಲ್ಲ. ನಿಯಮ ಗೊತ್ತಿದ್ದವಳು, ನನ್ನ ಮನಸ್ಸು ಅರ್ಥ ಮಾಡಿಕೊಂಡೇ ಇರುತ್ತಾಳೆ. ಅರ್ಥವಾಗುವುದು ಬೇರೆ, ಕಿವಿಯಾರೆ ಕೇಳುವುದು ಬೇರೆ. ಆ ಜಡೆಯಲ್ಲಿ ಪೆನ್ನಿಟ್ಟ ಹುಡುಗಿ "ಹೇಳಿದೀರಾ?" ಅಂತ ಕೇಳಿದ್ದು ನಿನ್ನ ವಿಷಯ. ನನಗೆ ಚುಚ್ಚಿದ್ದು ಇನ್ನೆಲ್ಲೋ.

ಅದಕ್ಕೇ ಈಗ ಪದ್ಧತಿ ಮುರಿದು ಹೇಳುತ್ತೇನೆ. ನೀನು ಮನೆಯಲ್ಲೇ ಇರಬೇಕು ಅಂತ ನನಗೆ ಆಸೆ. ತಲೆ ಗುಡ್ಡ ಹತ್ತಿ ಬಂದಿದೆ, ಆಸೆ ಮಾತ್ರ ಕೆಳಗೇ ನಿಂತಿದೆ. ಇದು ವಾದವಲ್ಲ, ಲೆಕ್ಕಕ್ಕೆ ಹಿಡಿಯಬೇಡ. ಇದನ್ನು ಓದಿದ ಮೇಲೂ ನೀನು ಗುಡ್ಡ ಅಂದರೆ ನಿನ್ನ ಪೆಟ್ಟಿಗೆ ಹೊತ್ತು ಆ ಏರು ಹತ್ತುವವನು ನಾನೇ, ಆ ಕಿಟಕಿಯ ಪಕ್ಕದ ಕುರ್ಚಿ ತೋರಿಸುವವನೂ ನಾನೇ, ದಾರಿಯುದ್ದಕ್ಕೂ ಹಾಡಿಕೊಂಡು ಹತ್ತುತ್ತೇನೆ. ನಿನ್ನ ಕಿವಿಗೆ ಬೀಳಲಿ ಅಂತ ಹೇಳಿದೆ, ಅಷ್ಟೇ.

ನೀನೂ ಹಾಗೆಯೇ ಹೇಳು. ಕಾಗದ ಸಿಕ್ಕ ಕೂಡಲೇ ಫೋನು ಮಾಡಿ ಒಂದೇ ಒಂದು ವಾಕ್ಯ, ದೇರ್‌ಫೋರ್ ಇಲ್ಲದೆ.

ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿವೆ. ಎದುರಿನ ಗೋಡೆಯ ಕಣ್ಣು ಪರೀಕ್ಷೆಯ ಬೋರ್ಡಿನಲ್ಲಿ ದೊಡ್ಡ ಅಕ್ಷರ ಬಿಟ್ಟರೆ ಬೇರೇನೂ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ. ದೀಪ ಹಾಕಿದರೆ ಬರೆದದ್ದನ್ನು ಓದುತ್ತೇನೆ, ಓದಿದರೆ ಈ ಕೊನೆಯ ಹಾಳೆಯನ್ನು ಹರಿದುಬಿಡುತ್ತೇನೆ. ಆದ್ದರಿಂದ ದೀಪ ಹಾಕುವುದಿಲ್ಲ.